ಗಾಯ ಮಾಯುತ್ತಿದೆಯೇ? ಅಡಿಪಟ್ಟಿ, ಹಾಳೆ, ಮೊಬೈಲ್, ಲೇಸರ್ ಕ್ಯಾಮೆರಾ: ಯಾರಿಗೆ ಯಾವ ಅಳತೆ

ಡೊಂಬಿವಲಿಯ ಆ ಮನೆಯಲ್ಲಿ ಮಾಮ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದಾದರಿನ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಂತ ಕಾಲು ಅದು. ಎಡ ಹಿಮ್ಮಡಿಯ ಬದಿಯಲ್ಲಿ ಹುಣ್ಣು. ನಾನು ಡ್ರೆಸ್ಸಿಂಗ್ ಬಿಚ್ಚಿದ ಕೂಡಲೇ ಮನೆಯವರೆಲ್ಲ ಬಗ್ಗಿ ನೋಡಿದರು. “ಕಡಿಮೆಯಾಗಿದೆ” ಎಂದರು ಅತ್ತೆ. “ಹೋದ ವಾರ ಇದ್ದ ಹಾಗೆಯೇ ಇದೆ” ಎಂದ ಮಗ. ಮಾಮನಿಗೆ ತಮ್ಮ ಹಿಮ್ಮಡಿ ಕಾಣಿಸುವುದಿಲ್ಲ. ನೋವಿನಿಂದ ತಿಳಿಯೋಣವೆಂದರೆ ಶುಗರ್ ಬಂದು ಪಾದದ ಸ್ಪರ್ಶವೇ ಹೋಗಿದೆ. ಅವರು ನನ್ನ ಮುಖ ನೋಡಿ, “ನೀವು ಹೇಳಿ ಸಿಸ್ಟರ್” ಎಂದರು.

ಮನೆ ಮನೆಗೆ ಹೋಗಿ ಡ್ರೆಸ್ಸಿಂಗ್ ಮಾಡುವ ನನಗೆ ಈ ಪ್ರಶ್ನೆ ವಾರಕ್ಕೆ ಹತ್ತು ಸಲವಾದರೂ ಎದುರಾಗುತ್ತದೆ. ಇದಕ್ಕೆ ಕಣ್ಣಂದಾಜಿನಲ್ಲಿ ಉತ್ತರ ಹೇಳುವುದನ್ನು ನಾನು ಬಿಟ್ಟಿದ್ದೇನೆ. ಗಾಯ ದಿನಕ್ಕೆ ಕೂದಲೆಳೆಯಷ್ಟು ಮಾಯುತ್ತದೆ. ದಿನಾ ನೋಡುವ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಗೊತ್ತಾಗಲು ಅಳತೆ ಬೇಕು. ಈಗ ಅಳೆಯಲು ದಾರಿ ಹಲವು: ಹತ್ತು ರೂಪಾಯಿಯ ಅಡಿಪಟ್ಟಿ, ಪಾರದರ್ಶಕ ಹಾಳೆ, ಮೊಬೈಲ್ ಫೋಟೋ ಮತ್ತು ಉಚಿತ ತಂತ್ರಾಂಶ, ಸ್ಟಿಕ್ಕರ್ ಅಂಟಿಸಿ ಬಳಸುವ ಆ್ಯಪ್, ಲೇಸರ್ ಕ್ಯಾಮೆರಾ. ಮುಂಬಯಿಯಲ್ಲಿರುವ ನಮ್ಮ ಕನ್ನಡದ ಮನೆಗಳಿಗೆ, ನನ್ನಂತೆ ಡ್ರೆಸ್ಸಿಂಗ್‌ಗೆ ಹೋಗುವವರಿಗೆ, ಸಣ್ಣ ನರ್ಸಿಂಗ್ ಹೋಮ್ ನಡೆಸುವ ವೈದ್ಯರಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರತಿ ವಾರವೂ ಒಂದೇ ರೀತಿ ತಪ್ಪದೆ ಮಾಡಲು ಯಾವುದು ನಿಮ್ಮಿಂದ ಸಾಧ್ಯವೋ ಅದೇ ನಿಮಗೆ ಒಳ್ಳೆಯ ಸಾಧನ. ಮೂರು ವಾರ ದುಬಾರಿ ಆ್ಯಪ್ ಬಳಸಿ ನಾಲ್ಕನೆಯ ವಾರ ಬಿಟ್ಟರೆ ಆ ಮೂರು ವಾರದ ಶ್ರಮವೂ ನೀರಿನಲ್ಲಿ ಹೋಮ ಮಾಡಿದಂತೆ.

ಅಳೆಯುವುದಾದರೂ ಏಕೆ

2003ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಪಾದದ ಹುಣ್ಣಿನ ಚಿಕಿತ್ಸೆಯಲ್ಲಿರುವವರು ಇಂದಿಗೂ ನೆನೆಯುತ್ತಾರೆ. ಮಧುಮೇಹದ ಪಾದದ ಹುಣ್ಣಿದ್ದ 203 ಮಂದಿಯನ್ನು 12 ವಾರ ಗಮನಿಸಿದರು. ಮೊದಲ 4 ವಾರಗಳಲ್ಲಿ ಗಾಯದ ವಿಸ್ತೀರ್ಣ ಶೇ. 53ಕ್ಕಿಂತ ಹೆಚ್ಚು ಕುಗ್ಗಿದವರಲ್ಲಿ ಶೇ. 58 ಮಂದಿಗೆ 12 ವಾರದೊಳಗೆ ಗಾಯ ಪೂರ್ತಿ ಮಾಯಿತು. ಅಷ್ಟು ಕುಗ್ಗದವರಲ್ಲಿ ಹಾಗೆ ಮಾಯಿದ್ದು ಶೇ. 9 ಮಂದಿಗೆ ಮಾತ್ರ. ನಾಲ್ಕನೆಯ ವಾರಕ್ಕೆ ಗಾಯ ಅರ್ಧಕ್ಕೆ ಇಳಿದಿರಬೇಕು, ಇಳಿಯದಿದ್ದರೆ ಚಿಕಿತ್ಸೆಯನ್ನು ಮತ್ತೆ ಪರಿಶೀಲಿಸಬೇಕು ಎಂಬ ರೂಢಿ ಗಟ್ಟಿಯಾದದ್ದು ಇಂಥ ಲೆಕ್ಕಗಳಿಂದ. ರಕ್ತದ ಓಡಾಟ ಸರಿಯಿದೆಯೇ, ಮೂಳೆಗೆ ಸೋಂಕು ತಗಲಿದೆಯೇ, ಕಾಲಿನ ಮೇಲೆ ಭಾರ ಬೀಳುತ್ತಲೇ ಇದೆಯೇ ಎಂದು ವೈದ್ಯರು ಮತ್ತೊಮ್ಮೆ ನೋಡಬೇಕಾದ ಘಟ್ಟ ಅದು. ಆ ಘಟ್ಟವನ್ನು ಗಮನಿಸದೆ ಮೂರು ತಿಂಗಳು ಅದೇ ಡ್ರೆಸ್ಸಿಂಗ್ ಸುತ್ತಿಕೊಂಡು ಕೊನೆಗೆ ಬೆರಳು ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಅಳತೆಯ ಬಗ್ಗೆ ಇಷ್ಟು ಹಟ ಹಿಡಿಯುವುದು ಅದಕ್ಕೇ.

ಇಲ್ಲೊಂದು ಲೆಕ್ಕ ಮನಸ್ಸಿನಲ್ಲಿರಲಿ. ವಿಸ್ತೀರ್ಣ ಅರ್ಧವಾಯಿತು ಎಂದರೆ ಅಗಲ ಅರ್ಧವಾಯಿತು ಎಂದಲ್ಲ. 4 ಸೆಂ.ಮೀ. ಅಡ್ಡಗಲದ ದುಂಡು ಗಾಯ 2.8 ಸೆಂ.ಮೀ.ಗೆ ಬಂದರೆ ವಿಸ್ತೀರ್ಣ ಆಗಲೇ ಅರ್ಧವಾಗಿರುತ್ತದೆ. ಕಣ್ಣು ಅಗಲವನ್ನು ನೋಡಿ “ಅಷ್ಟೇನೂ ಇಳಿದಿಲ್ಲ” ಎನ್ನುತ್ತದೆ. ಮಗ ಹೇಳಿದ್ದು ಅದನ್ನೇ.

ಅಡಿಪಟ್ಟಿ

ಅತ್ಯಂತ ಉದ್ದವಾದ ಕಡೆ ಒಂದು ಅಳತೆ, ಅದಕ್ಕೆ ಲಂಬವಾಗಿ ಅತ್ಯಂತ ಅಗಲವಾದ ಕಡೆ ಇನ್ನೊಂದು, ಎರಡನ್ನೂ ಗುಣಿಸುವುದು. ಆಸ್ಪತ್ರೆಯ ಕೇಸ್ ಪೇಪರ್‌ಗಳಲ್ಲಿ ಕಾಣುವ “4 × 3” ಇದೇ. ಒಂದು ನಿಮಿಷದ ಕೆಲಸ, ಖರ್ಚಿಲ್ಲ, ಕರೆಂಟ್ ಬೇಡ. ದೋಷವೆಂದರೆ ಇದು ಗಾಯವನ್ನು ಆಯತ ಎಂದುಕೊಳ್ಳುತ್ತದೆ. 4 × 3 ಎಂದರೆ 12 ಚದರ ಸೆಂ.ಮೀ. ಎಂದು ಬರೆಯುತ್ತೇವೆ, ಗಾಯ ಮೊಟ್ಟೆಯಾಕಾರದ್ದಾದರೆ ನಿಜವಾದ ವಿಸ್ತೀರ್ಣ 9.4ರ ಆಸುಪಾಸಿನಲ್ಲಿರುತ್ತದೆ. ಗುಣಲಬ್ಧವನ್ನು 0.785ರಿಂದ ಇನ್ನೊಮ್ಮೆ ಗುಣಿಸಿದರೆ ದುಂಡು, ಮೊಟ್ಟೆಯಾಕಾರದ ಗಾಯಗಳಿಗೆ ಸರಿಹೋಗುತ್ತದೆ. ಗೇರುಬೀಜದಂತೆ ಬಾಗಿದ ಗಾಯಕ್ಕೆ ಆ ಸೂತ್ರವೂ ಸಾಲದು.

ಮಾಮನ ಹುಣ್ಣು ಗೇರುಬೀಜದ ಜಾತಿಯದ್ದೇ. ಮೊದಲ ದಿನ ಅಡಿಪಟ್ಟಿಯಲ್ಲಿ 3.6 × 2.4, ಅಂದರೆ 8.64 ಚದರ ಸೆಂ.ಮೀ. ನಾಲ್ಕು ವಾರದ ನಂತರ 3.4 × 2.0, ಅಂದರೆ 6.8. ಶೇ. 21ರಷ್ಟೇ ಇಳಿಕೆ, ಮನಸ್ಸು ಕುಗ್ಗಿಸುವ ಅಂಕಿ. ಅದೇ ಎರಡು ದಿನಗಳ ಫೋಟೋಗಳಲ್ಲಿ ಅಂಚನ್ನು ಗುರುತಿಸಿ ಅಳೆದಾಗ 6.1ರಿಂದ 3.4ಕ್ಕೆ ಬಂದಿತ್ತು, ಶೇ. 44 ಇಳಿಕೆ. ಹೊಸ ಚರ್ಮ ಗಾಯದ ಬಾಗಿದ ಹೊಟ್ಟೆಯ ಕಡೆಯಿಂದ ಒಳಕ್ಕೆ ನುಗ್ಗಿ ಬಂದಿತ್ತು. ಅಡಿಪಟ್ಟಿ ಎರಡು ತುದಿಗಳನ್ನು ಮಾತ್ರ ನೋಡುತ್ತದೆ, ಮಧ್ಯದಲ್ಲಿ ಬಂದ ಚರ್ಮ ಅದರ ಲೆಕ್ಕಕ್ಕೆ ಸಿಗಲಿಲ್ಲ. ಗುರಿಯಾದ ಅರ್ಧಕ್ಕೆ ಇನ್ನೂ ತುಸು ದೂರವಿತ್ತು ನಿಜ. ಆದರೆ ಚಿಕಿತ್ಸೆ ಕೈಬಿಡುವಂತಿಲ್ಲ, ಕಾಲಿಗೆ ಬೀಳುವ ಭಾರವನ್ನು ಇನ್ನಷ್ಟು ತಪ್ಪಿಸಬೇಕು ಎಂಬ ತೀರ್ಮಾನಕ್ಕೆ ವೈದ್ಯರು ಬರಲು ಈ ಎರಡನೆಯ ಅಂಕಿ ಕಾರಣವಾಯಿತು.

ಬೇರೇನೂ ಇಲ್ಲದ ಮನೆಯಲ್ಲಿ ಅಡಿಪಟ್ಟಿ ಸಾಕು. ಆದರೆ ಅದನ್ನು ಪ್ರತಿ ಸಲ ಒಂದೇ ದಿಕ್ಕಿನಲ್ಲಿಡಿ: ಹಿಮ್ಮಡಿಯಿಂದ ಬೆರಳಿನ ಕಡೆಗೆ ಉದ್ದ, ಅದಕ್ಕೆ ಅಡ್ಡವಾಗಿ ಅಗಲ. ಈ ವಾರ ಓರೆ, ಮುಂದಿನ ವಾರ ನೇರ ಎಂದಾದರೆ ಅಂಕಿಗಳನ್ನು ಹೋಲಿಸುವ ಹಾಗಿಲ್ಲ.

ಪಾರದರ್ಶಕ ಹಾಳೆ

ಹಳೆಯ ಪದ್ಧತಿ, ನನಗೆ ಇದರ ಮೇಲೆ ಗೌರವವಿದೆ. ಎರಡು ಪದರದ ಶುದ್ಧ ಪ್ಲಾಸ್ಟಿಕ್ ಹಾಳೆಯನ್ನು ಗಾಯದ ಮೇಲಿಟ್ಟು, ಮೇಲಿನ ಪದರದ ಮೇಲೆ ಮಾರ್ಕರ್ ಪೆನ್ನಿನಿಂದ ಅಂಚನ್ನು ಬರೆದುಕೊಂಡು, ಗಾಯಕ್ಕೆ ತಾಗಿದ ಕೆಳಪದರವನ್ನು ಎಸೆಯುವುದು. ಬರೆದ ಹಾಳೆಯನ್ನು ಶಾಲೆಯ ಗ್ರಾಫ್ ಕಾಗದದ ಮೇಲಿಟ್ಟು ಚೌಕಗಳನ್ನು ಎಣಿಸಬೇಕು. 1 ಮಿ.ಮೀ.ನ 100 ಸಣ್ಣ ಚೌಕ ಸೇರಿದರೆ 1 ಚದರ ಸೆಂ.ಮೀ. ಹಿಮ್ಮಡಿಯಂಥ ಬಾಗಿದ ಜಾಗದಲ್ಲಿ ಹಾಳೆ ಚರ್ಮದೊಂದಿಗೆ ತಾನೂ ಬಾಗುತ್ತದೆ. ಇದು ಫೋಟೋಗೆ ಇಲ್ಲದ ಗುಣ. ಆದರೆ ಗಾಯವನ್ನು ಮುಟ್ಟಬೇಕು, ಕೀವಿದ್ದರೆ ಹಾಳೆ ಜಾರುತ್ತದೆ, ನೋವಿರುವವರು ಸಹಿಸುವುದಿಲ್ಲ. ತರಬೇತಿ ಇಲ್ಲದ ಮನೆಯವರು ಇದನ್ನು ಮಾಡಬಾರದು.

ಮೊಬೈಲ್ ಫೋಟೋ, ಕೈಯಾರೆ ಎಳೆದ ಅಂಚು

ನಾನು ನೆಚ್ಚಿಕೊಂಡಿರುವುದು ಇದನ್ನು. ಗಾಯದ ಪಕ್ಕದಲ್ಲಿ ಸೆಂಟಿಮೀಟರ್ ಪಟ್ಟಿ ಇಟ್ಟು ಫೋಟೋ ತೆಗೆಯಬೇಕು. ನಂತರ ಕಂಪ್ಯೂಟರಿನಲ್ಲಿ ‘ಇಮೇಜ್‌ಜೆ’ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರೂಪುಗೊಂಡ ಇದನ್ನು ಸೂಕ್ಷ್ಮದರ್ಶಕದ ಚಿತ್ರಗಳನ್ನು ಅಳೆಯಲು ಜಗತ್ತಿನ ಪ್ರಯೋಗಾಲಯಗಳು ದಶಕಗಳಿಂದ ಬಳಸುತ್ತಿವೆ. ಗಾಯಕ್ಕೂ ಅದು ಅಷ್ಟೇ ಚೆನ್ನಾಗಿ ಒಗ್ಗುತ್ತದೆ.

ಕ್ರಮ ಹೀಗೆ. ಗೆರೆಯ ಉಪಕರಣದಿಂದ ಫೋಟೋದಲ್ಲಿರುವ ಪಟ್ಟಿಯ 5 ಸೆಂ.ಮೀ. ಉದ್ದಕ್ಕೆ ಒಂದು ಗೆರೆ ಎಳೆಯಿರಿ. ‘ಅನಲೈಸ್’ ಪಟ್ಟಿಯಲ್ಲಿ ‘ಸೆಟ್ ಸ್ಕೇಲ್’ ತೆರೆದು ಇದು 5 ಸೆಂ.ಮೀ. ಎಂದು ತಿಳಿಸಿ. ಗಾಯದ ಅಂಚಿನ ಸುತ್ತ ಚುಕ್ಕಿ ಚುಕ್ಕಿಯಾಗಿ ಬೇಲಿ ಹಾಕಿ, ‘ಮೆಷರ್’ ಒತ್ತಿ. ಒಳಗೆ ನಡೆಯುವುದು ಸರಳ ಎಣಿಕೆ. 5 ಸೆಂ.ಮೀ.ಗೆ 1,000 ಪಿಕ್ಸೆಲ್ (ಫೋಟೋದ ಅತಿ ಸಣ್ಣ ಚುಕ್ಕಿ) ಇದ್ದರೆ 1 ಸೆಂ.ಮೀ.ಗೆ 200, 1 ಚದರ ಸೆಂ.ಮೀ.ಗೆ 200 × 200, ಅಂದರೆ 40,000. ಬೇಲಿಯೊಳಗೆ 2,44,000 ಪಿಕ್ಸೆಲ್ ಸಿಕ್ಕರೆ ಗಾಯ 6.1 ಚದರ ಸೆಂ.ಮೀ. ನಾನು ಬೇಲಿಯನ್ನು ಮೂರು ಸಲ ಹಾಕಿ ಸರಾಸರಿ ತೆಗೆಯುತ್ತೇನೆ. ಮೂರೂ ಒಂದಕ್ಕೊಂದು ಹತ್ತಿರ ಬಾರದಿದ್ದರೆ ಅಂಚು ಎಲ್ಲಿದೆ ಎಂಬುದೇ ನನಗೆ ಸ್ಪಷ್ಟವಿಲ್ಲ ಎಂದರ್ಥ. ಆಗ ಫೋಟೋವನ್ನು ದೊಡ್ಡದು ಮಾಡಿ ಮತ್ತೆ ನೋಡುತ್ತೇನೆ.

ಎಲ್ಲವೂ ನಿಂತಿರುವುದು ಫೋಟೋದ ಮೇಲೆ. ಕೆಟ್ಟ ಫೋಟೋದಿಂದ ಯಾವ ತಂತ್ರಾಂಶವೂ ಒಳ್ಳೆಯ ಅಂಕಿ ತೆಗೆಯಲಾರದು. ಹೆಚ್ಚು ತಪ್ಪು ನಡೆಯುವುದೂ ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಓರೆ. ಫೋನು ಗಾಯಕ್ಕೆ ನೇರ ಎದುರಿಗಿರಬೇಕು. 20 ಡಿಗ್ರಿ ಓರೆಯಾದರೆ ವಿಸ್ತೀರ್ಣ ಶೇ. 6ರಷ್ಟು ಕಡಿಮೆ ಕಾಣುತ್ತದೆ, 30 ಡಿಗ್ರಿಗೆ ಶೇ. 13, 40 ಡಿಗ್ರಿಗೆ ಶೇ. 23. ಗಾಯ ಒಂದಿಷ್ಟೂ ಮಾಯದೆ, ಕೈ ಓರೆಯಾದ ಮಾತ್ರಕ್ಕೇ ಕಾಲುಭಾಗ ಮಾಯಿದಂತೆ ತೋರುತ್ತದೆ! ಮನೆಯವರು ನಿಂತುಕೊಂಡು, ಕುಳಿತ ರೋಗಿಯ ಕಾಲನ್ನು ಮೇಲಿನಿಂದ ತೆಗೆಯುವ ಫೋಟೋಗಳೆಲ್ಲ ಈ ಓರೆಯವು. ನೆಲದ ಮೇಲೆ ಕುಳಿತು, ಹಿಮ್ಮಡಿಯ ಮಟ್ಟಕ್ಕೆ ಫೋನು ಇಳಿಸಿ.

ಎರಡನೆಯದು ಪಟ್ಟಿಯ ಎತ್ತರ. ಪಟ್ಟಿ ಗಾಯದ ಮಟ್ಟದಲ್ಲೇ ಇರಬೇಕು. ಗಾಯದಿಂದ 20 ಸೆಂ.ಮೀ. ದೂರದಲ್ಲಿ ಫೋನಿದ್ದು, ಪಟ್ಟಿ ಗಾಯಕ್ಕಿಂತ 1 ಸೆಂ.ಮೀ. ಮೇಲೆ ಬಂದರೂ ವಿಸ್ತೀರ್ಣ ಶೇ. 10ರಷ್ಟು ತಗ್ಗಿಬಿಡುತ್ತದೆ. ಫೋನನ್ನು 30 ಸೆಂ.ಮೀ.ಗೆ ಹಿಂದಕ್ಕೆ ಒಯ್ದರೆ ಈ ತಪ್ಪು ಶೇ. 6ರಿಂದ 7ಕ್ಕೆ ಇಳಿಯುತ್ತದೆ. ಹತ್ತಿರ ಹೋದಷ್ಟೂ ಚೆನ್ನ ಎಂಬುದು ತಪ್ಪು ತಿಳಿವಳಿಕೆ. ತೀರಾ ಹತ್ತಿರ ಹೋದಾಗ ಹಲವು ಫೋನುಗಳು ತಾವಾಗಿಯೇ ಅಗಲ ಲೆನ್ಸಿಗೆ ಬದಲಾಗುತ್ತವೆ, ಅಂಚುಗಳು ಹಿಗ್ಗುತ್ತವೆ. ಚರ್ಮಕ್ಕೆ ಅಂಟಿಸುವ ಕಾಗದದ ಪಟ್ಟಿ ಎಲ್ಲಕ್ಕಿಂತ ಒಳ್ಳೆಯದು. ಪ್ರತಿ ಸಲ ಹೊಸದು ಬಳಸಿ.

ಪಟ್ಟಿಯ ಬದಲು ನಾಣ್ಯ ಇಡುವವರಿದ್ದಾರೆ. ದಯವಿಟ್ಟು ಬೇಡ. ನಾಣ್ಯ ಕೊಳಕು ಎಂಬುದು ಒಂದು ಕಾರಣ. ಒಂದು ರೂಪಾಯಿ ಎಂದರೆ ಒಂದೇ ಅಳತೆಯಲ್ಲ ಎಂಬುದು ಇನ್ನೊಂದು: ಹಳೆಯ ಸ್ಟೀಲಿನದು 25 ಮಿ.ಮೀ., 2011ರ ಸರಣಿಯದು 22, 2019ರ ಸರಣಿಯದು 20. ಈ ವಾರ ಒಂದು, ಮುಂದಿನ ವಾರ ಇನ್ನೊಂದು ಕೈಗೆ ಬಂದರೆ ಗಾಯದ ಲೆಕ್ಕ ತಲೆಕೆಳಗಾಗುತ್ತದೆ.

ಮೂರನೆಯದು ಬೆಳಕು. ನಮ್ಮ ಚಾಳುಗಳಲ್ಲಿ, ಎದುರಿನ ಕಟ್ಟಡಕ್ಕೆ ಕೈ ತಾಗುವಂಥ ಕಿಟಕಿಗಳಲ್ಲಿ ಹಗಲು ಬೆಳಕು ನೆಚ್ಚುವಂತಿಲ್ಲ. ಮಳೆಗಾಲದಲ್ಲಿ ಮಧ್ಯಾಹ್ನವೇ ಸಂಜೆಯಂತಿರುತ್ತದೆ. ಆದ್ದರಿಂದ ನಾನು ಕಿಟಕಿಗಿಂತ ಅದೇ ಕೋಣೆಯ ಅದೇ ಟ್ಯೂಬ್‌ಲೈಟನ್ನು ನಂಬುತ್ತೇನೆ. ಫ್ಲ್ಯಾಶ್ ಬೇಡ: ಒದ್ದೆಯಾದ ಗಾಯದ ಮೇಲೆ ಅದು ಬಿಳಿ ಹೊಳಪು ಮೂಡಿಸುತ್ತದೆ, ಅಲ್ಲಿ ಅಂಚೂ ಕಾಣುವುದಿಲ್ಲ, ಬಣ್ಣವೂ ಕಾಣುವುದಿಲ್ಲ. ಪಟ್ಟಿಯ ಪಕ್ಕದಲ್ಲಿ ಒಂದು ಚೂರು ಬಿಳಿ ಕಾಗದ ಇರಲಿ. ಎರಡು ವಾರದ ಫೋಟೋಗಳ ಬಣ್ಣವನ್ನು ಹೋಲಿಸುವಾಗ ಆ ಬಿಳುಪೇ ಆಧಾರ. ಫೋನಿನ ಸೌಂದರ್ಯದ ಫಿಲ್ಟರುಗಳನ್ನೆಲ್ಲ ಆರಿಸಿ.

ನಾಲ್ಕನೆಯದು ತೊಳೆಯುವುದು. ಸಲೈನಿನಿಂದ ತೊಳೆದು, ಗಾಜ್ ಬಟ್ಟೆಯಿಂದ ಒತ್ತಿ ಒರೆಸಿದ ಮೇಲೆಯೇ ಫೋಟೋ. ಕೆಲವು ಮನೆಗಳಲ್ಲಿ ಗಾಯಕ್ಕೆ ಅರಿಶಿನ ಹಚ್ಚಿರುತ್ತಾರೆ. ಬೈಯುವುದಿಲ್ಲ, ನಮ್ಮ ಅಜ್ಜಿಯೂ ಹಚ್ಚುತ್ತಿದ್ದರು. ಆದರೆ ಚಿತ್ರದಲ್ಲಿ ಅರಿಶಿನದ ಹಳದಿಗೂ ಗಾಯದೊಳಗಿನ ಸತ್ತ ಪದರದ ಹಳದಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅಯೋಡಿನ್ ದ್ರಾವಣದ ಕಂದು ಬಣ್ಣದ್ದೂ ಇದೇ ಕಥೆ.

ಆ್ಯಪ್ ತಾನೇ ಅಂಚು ಗುರುತಿಸುವುದು

ಇಲ್ಲಿ ಯಂತ್ರ ಕಲಿಕೆ ಬರುತ್ತದೆ. ಗಾಯದ ಪಕ್ಕ ನಿಗದಿತ ಅಳತೆಯ ಸ್ಟಿಕ್ಕರ್ ಅಂಟಿಸಿ ಫೋಟೋ ತೆಗೆದರೆ ಆ್ಯಪ್ ಆ ಸ್ಟಿಕ್ಕರಿನಿಂದ ಅಳತೆಯನ್ನು ಅರಿತುಕೊಂಡು, ಗಾಯದ ಅಂಚನ್ನು ತಾನೇ ಗುರುತಿಸಿ, ಕೆಂಪು, ಹಳದಿ, ಕಪ್ಪು ಎಷ್ಟೆಷ್ಟು ಎಂದು ಹೇಳುತ್ತದೆ. ಕೆನಡಾದ ಸ್ವಿಫ್ಟ್, ಸ್ವಿಟ್ಜರ್ಲೆಂಡಿನ ಇಮಿಟೊ ಈ ಬಗೆಯವು. ಅಂಚು ಗುರುತಿಸುವ ಇಂಥ ಕೆಲಸಕ್ಕೆ ಸಂಶೋಧಕರು ಬಹಳವಾಗಿ ಬಳಸುವ ‘ಯು-ನೆಟ್’ ಎಂಬ, ಚಿತ್ರಗಳಿಂದ ಕಲಿಯುವ ಕಂಪ್ಯೂಟರ್ ಮಾದರಿ 2015ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದಿಂದ ಬಂತು.

ಕೆಂಪು, ಹಳದಿ, ಕಪ್ಪು ಎಂಬುದು ಬರೀ ಬಣ್ಣವಲ್ಲ. ಕೆಂಪು ಎಂದರೆ ಚಿಗುರುವ ಮಾಂಸ, ಹಳದಿ ಎಂದರೆ ಅಂಟಿಕೊಂಡ ಸತ್ತ ಪದರ, ಕಪ್ಪು ಎಂದರೆ ಒಣಗಿ ಸತ್ತ ಅಂಗಾಂಶ. ವಿಸ್ತೀರ್ಣ ಇಳಿಯದಿದ್ದರೂ ಹಳದಿ ಹೋಗಿ ಕೆಂಪು ತುಂಬುತ್ತಿದ್ದರೆ ಗಾಯ ಸರಿದಾರಿಯಲ್ಲಿದೆ. ಅಡಿಪಟ್ಟಿಯಿಂದ ಇದು ಎಂದೂ ತಿಳಿಯದು. ದಿನಕ್ಕೆ ಹತ್ತಾರು ಗಾಯ ನೋಡುವ ನರ್ಸಿಂಗ್ ಹೋಮಿಗೆ, ಡ್ರೆಸ್ಸಿಂಗ್ ಮಾಡುವ ಕೈ ದಿನಾ ಬದಲಾಗುವ ಕಡೆಗೆ ಆ್ಯಪ್ ನಿಜಕ್ಕೂ ಒಳ್ಳೆಯ ಆಯ್ಕೆ. ಬೇರೆ ಬೇರೆಯವರು ಎಳೆದ ಬೇಲಿಗಳ ವ್ಯತ್ಯಾಸ ಅಲ್ಲಿ ತಗ್ಗುತ್ತದೆ, ವಾರವಾರದ ಗ್ರಾಫು ತಾನಾಗಿಯೇ ಸಿದ್ಧವಾಗುತ್ತದೆ.

ನನಗಿರುವ ಆತಂಕ ನಮ್ಮ ಚರ್ಮದ ಬಣ್ಣದ್ದು. ಯಂತ್ರ ತಾನು ಕಂಡ ಚಿತ್ರಗಳಿಂದ ಕಲಿಯುತ್ತದೆ. ಫೋಟೋದಲ್ಲಿ ಪಾದದ ಹುಣ್ಣನ್ನು ಗುರುತಿಸುವ ತಂತ್ರಾಂಶಗಳ 2020ರ ಅಂತರರಾಷ್ಟ್ರೀಯ ಸ್ಪರ್ಧೆಗೆ ಬಳಸಿದ 4,000 ಚಿತ್ರಗಳು ಇಂಗ್ಲೆಂಡಿನ ಲ್ಯಾಂಕಷೈರ್ ಆಸ್ಪತ್ರೆಗಳಿಂದ ಬಂದವು. ಬಿಳಿ ಚರ್ಮದ ಮೇಲೆ ಸೋಂಕಿನ ಕೆಂಪು ಎದ್ದು ಕಾಣುತ್ತದೆ. ನಮ್ಮ ಕಪ್ಪು, ಕಂದು ಚರ್ಮದ ಮೇಲೆ ಅದು ನೇರಳೆಯಾಗಿಯೋ ಇನ್ನೂ ಗಾಢವಾದ ಕಪ್ಪಾಗಿಯೋ ತೋರುತ್ತದೆ. ಮಾಯಿದ ಅಂಚಿನ ಹೊಸ ಚರ್ಮ ತಿಳಿ ಗುಲಾಬಿಯಾಗಿ ಇನ್ನೂ ಗಾಯವೇ ಎನ್ನುವಂತೆ ಕಾಣುತ್ತದೆ. ನಾನು ಪರೀಕ್ಷಿಸಿದ ಒಂದು ಆ್ಯಪ್ ಮಾಮನ ಹಿಮ್ಮಡಿಯ ಆ ಗುಲಾಬಿ ಅಂಚನ್ನು ಎರಡು ವಾರವೂ ಗಾಯದೊಳಗೆ ಸೇರಿಸಿಬಿಟ್ಟಿತು. ಬೆರಳಿನಿಂದ ಗೆರೆಯನ್ನು ಒಳಕ್ಕೆ ಸರಿಸಿ ತಿದ್ದಿದೆ. ಹಾಗೆ ತಿದ್ದಲು ಅವಕಾಶವೇ ಇಲ್ಲದ ಆ್ಯಪನ್ನು ಕೊಳ್ಳಬೇಡಿ, ಎಷ್ಟೇ ಅಗ್ಗವಾಗಿರಲಿ.

ಮಾರಲು ಬಂದವರನ್ನು ಇನ್ನೂ ಕೆಲವು ಕೇಳಬೇಕು. ಭಾರತದ ರೋಗಿಗಳ ಮೇಲೆ ಪರೀಕ್ಷಿಸಿದ್ದೀರಾ? ನೆಟ್ ಇಲ್ಲದಾಗ ಕೆಲಸ ಮಾಡುತ್ತದೆಯೇ? ಚಂದಾ ನಿಲ್ಲಿಸಿದರೆ ಹಳೆಯ ಫೋಟೋಗಳು ನಮ್ಮ ಕೈಗೆ ಸಿಗುತ್ತವೆಯೇ? ಸ್ಟಿಕ್ಕರ್ ಮುಗಿದರೆ ಎಲ್ಲಿ ಸಿಗುತ್ತದೆ? ರೋಗ ಪತ್ತೆಗೋ ಚಿಕಿತ್ಸೆಗೋ ಬಳಸುವ ತಂತ್ರಾಂಶವೂ 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ಬರುತ್ತದೆ. ಆದ್ದರಿಂದ ನೋಂದಣಿಯ ಕಾಗದ ತೋರಿಸಿ ಎನ್ನಲು ಸಂಕೋಚ ಬೇಡ.

ಲೇಸರ್, ಮೂರು ಆಯಾಮ, ಮತ್ತಿತರ ಕ್ಯಾಮೆರಾಗಳು

ಫೋಟೋ ಚಪ್ಪಟೆ, ಪಾದ ದುಂಡು. ಹಿಮ್ಮಡಿಯನ್ನು ಸುತ್ತಿಕೊಂಡ ಗಾಯ ಫೋಟೋದಲ್ಲಿ ಇರುವುದಕ್ಕಿಂತ ಚಿಕ್ಕದಾಗಿಯೇ ಬರುತ್ತದೆ. ಆಳವಂತೂ ಕಾಣುವುದೇ ಇಲ್ಲ. ನ್ಯೂಜಿಲೆಂಡಿನ ಸಿಲೂಯೆಟ್ ಸ್ಟಾರ್ ಕ್ಯಾಮೆರಾ ಗಾಯದ ಮೇಲೆ ಮೂರು ಲೇಸರ್ ಗೆರೆ ಬೀಳಿಸಿ, ಅವು ಬಾಗುವ ರೀತಿಯಿಂದ ವಿಸ್ತೀರ್ಣ, ಆಳ, ಗಾತ್ರ ಮೂರನ್ನೂ ಕಂಡುಕೊಳ್ಳುತ್ತದೆ. ಪಟ್ಟಿಯೂ ಬೇಡ, ಸ್ಟಿಕ್ಕರೂ ಬೇಡ. 2020ರಿಂದ ಐಫೋನ್ ಪ್ರೊ ಮಾದರಿಗಳಲ್ಲಿರುವ ಲಿಡಾರ್ ಸಂವೇದಕವೂ ದೂರವನ್ನು ಅಳೆಯುತ್ತದೆ, ಆದರೆ ಬೆರಳ ತುದಿಯಷ್ಟಿರುವ ಹುಣ್ಣಿಗೆ ಅದರ ಸೂಕ್ಷ್ಮತೆ ಸಾಲದು ಎಂದು ನನ್ನ ಅನಿಸಿಕೆ. ಹಾಸಿಗೆ ಹಿಡಿದವರ ಸೊಂಟದ ಆಳವಾದ ಹುಣ್ಣುಗಳನ್ನು ದಿನವೂ ನೋಡುವ ವಿಭಾಗಕ್ಕೆ, ಸಂಶೋಧನೆ ಮಾಡುವವರಿಗೆ ಇಂಥ ಕ್ಯಾಮೆರಾ ತಕ್ಕುದು. ಮನೆಗೆ ಬೇಕಿಲ್ಲ.

ಮಾಲೆಕ್ಯುಲೈಟ್ ಎಂಬ ಸಾಧನ 405 ನ್ಯಾನೋಮೀಟರಿನ ನೇರಳೆ ಬೆಳಕು ಬಿಟ್ಟು ಬ್ಯಾಕ್ಟೀರಿಯಾ ಹೆಚ್ಚಿರುವ ಕಡೆ ಕೆಂಪು ಅಥವಾ ಹಸಿರುನೀಲಿ ಹೊಳಪನ್ನು ತೋರಿಸುತ್ತದೆ. ಉಷ್ಣ ಕ್ಯಾಮೆರಾ ಎರಡು ಪಾದಗಳ ಶಾಖವನ್ನು ಹೋಲಿಸುತ್ತದೆ. ಒಂದೇ ಜಾಗದಲ್ಲಿ 2.2 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಚ್ಚರಿಕೆ. ಇವು ಉತ್ತರಿಸುವುದು ಬೇರೆಯೇ ಪ್ರಶ್ನೆಗಳನ್ನು. ಗಾಯ ಎಷ್ಟು ಕುಗ್ಗಿತು ಎಂಬುದಕ್ಕೆ ಇವನ್ನು ಕೊಳ್ಳಬೇಕಿಲ್ಲ.

ಅಳತೆ ದಾರಿ ತಪ್ಪಿಸುವ ಒಂದು ದಿನ

ಸಾಧನ ಯಾವುದೇ ಇರಲಿ, ಒಂದು ದಿನ ಎಲ್ಲವೂ ಸೇರಿ ಸುಳ್ಳು ಹೇಳುತ್ತವೆ: ಶಸ್ತ್ರವೈದ್ಯರು ಸತ್ತ ಮಾಂಸವನ್ನೂ ಸುತ್ತಲಿನ ಆಣಿಗಟ್ಟಿದ ಚರ್ಮವನ್ನೂ ಕತ್ತರಿಸಿ ತೆಗೆದ ದಿನ. ಆ ದಿನ ಗಾಯ ಹಿಂದಿನ ವಾರಕ್ಕಿಂತ ದೊಡ್ಡದಾಗಿರುತ್ತದೆ. ಹಾಗಾಗಲೇಬೇಕು, ಅಡಿಯಲ್ಲಿ ಅಡಗಿದ್ದ ಗಾಯ ಈಗ ಬಯಲಿಗೆ ಬಂದಿದೆ. ಗ್ರಾಫಿನ ಗೆರೆ ಮೇಲಕ್ಕೆ ನೆಗೆದದ್ದು ಕಂಡು ಗಾಬರಿಯಾಗಿ ವೈದ್ಯರನ್ನೇ ಬದಲಿಸಿದ ಒಂದು ಕುಟುಂಬ ನನಗೆ ಗೊತ್ತು. ಚೊಕ್ಕ ಮಾಡುವ ಮುನ್ನ ಒಂದು, ಮಾಡಿದ ಮೇಲೆ ಒಂದು, ಹೀಗೆ ಎರಡು ಫೋಟೋ ತೆಗೆಯಿರಿ. ನಾಲ್ಕು ವಾರದ ಲೆಕ್ಕವನ್ನು ಎರಡನೆಯ ಫೋಟೋದಿಂದ ಶುರು ಮಾಡಿ.

ಇನ್ನೊಂದು ಸೂಕ್ಷ್ಮವೂ ಇದೆ. ದೊಡ್ಡ ಗಾಯದ ಶೇಕಡಾವಾರು ನಿಧಾನವಾಗಿ ಇಳಿಯುತ್ತದೆ, ಚಿಕ್ಕದರದ್ದು ಬೇಗ. ಎರಡರ ಅಂಚೂ ವಾರಕ್ಕೆ ಅಷ್ಟೇ ಮಿಲಿಮೀಟರ್ ಮುಂದೆ ಬಂದಿರಬಹುದು. ಇಬ್ಬರು ರೋಗಿಗಳನ್ನು ಹೋಲಿಸುವಾಗ ಕುಗ್ಗಿದ ವಿಸ್ತೀರ್ಣವನ್ನು ಗಾಯದ ಸರಾಸರಿ ಸುತ್ತಳತೆಯಿಂದ ಭಾಗಿಸಿದರೆ ಅಂಚು ಎಷ್ಟು ಸರಿಯಿತು ಎಂಬುದು ಸಿಗುತ್ತದೆ. ಇಮೇಜ್‌ಜೆ ಸುತ್ತಳತೆಯನ್ನೂ ಕೊಡುತ್ತದೆ.

ಫೋಟೋ ನೋಡಲಾಗದ್ದನ್ನು ಕೈ ಮತ್ತು ಮೂಗು ನೋಡಬೇಕು. ದುರ್ವಾಸನೆ, ಸುತ್ತಲೂ ಹರಡುವ ಬಿಸಿ, ಜ್ವರ, ಬೆರಳು ಕಪ್ಪಾಗುವುದು, ಪಾದ ತಣ್ಣಗಾಗುವುದು, ಗಾಯದ ತಳದಲ್ಲಿ ಮೂಳೆ ತೋರುವುದು: ಇವುಗಳಲ್ಲಿ ಒಂದು ಕಂಡರೂ ಅಳತೆ, ಆ್ಯಪ್ ಎಲ್ಲ ಪಕ್ಕಕ್ಕಿಟ್ಟು ಅಂದೇ ಆಸ್ಪತ್ರೆಗೆ ಹೋಗಬೇಕು. ಪರೇಲ್‌ನ ಕೆಇಎಂ, ಸಯನ್, ನಾಯರ್‌ನಂಥ ಪಾಲಿಕೆಯ ದೊಡ್ಡ ಆಸ್ಪತ್ರೆಗಳ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ.

ಫೋಟೋ ಎಲ್ಲಿಗೆ ಹೋಗುತ್ತದೆ

ಗಾಯದ ಫೋಟೋ ಆ ಮನುಷ್ಯನ ಖಾಸಗಿ ಸಂಗತಿ. ಹೋಟೆಲ್ ಹುಡುಗರು ಆರು ಮಂದಿ ಒಂದು ಖೋಲಿಯಲ್ಲಿರುತ್ತಾರೆ, ಒಬ್ಬನ ಫೋನು ಎಲ್ಲರ ಕೈಯಲ್ಲಿ ಓಡಾಡುತ್ತದೆ. ಕೇಳಿ ಒಪ್ಪಿಗೆ ಪಡೆದೇ ತೆಗೆಯಿರಿ. ಮುಖ ಬೇಡ, ಪಟ್ಟಿಯ ಮೇಲೆ ಹೆಸರಿನ ಬದಲು ಒಂದು ಸಂಖ್ಯೆ ಮತ್ತು ದಿನಾಂಕ ಬರೆಯಿರಿ. ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಕ್ಲಿನಿಕ್ ನಡೆಸುವವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಒಮ್ಮೆ ಓದಿಕೊಳ್ಳಬೇಕು. ವೈದ್ಯರಿಗೆ ಕಳಿಸುವುದಕ್ಕೆ ಅಡ್ಡಿಯಿಲ್ಲ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ವಾಟ್ಸ್ಆ್ಯಪ್ ಮೂಲಕ ಸಲಹೆ ಪಡೆಯುವುದನ್ನೂ ಒಪ್ಪುತ್ತದೆ. ಆದರೆ ಸಾಮಾನ್ಯ ಫೋಟೋವಾಗಿ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಹಿಂಡಿ ಕಿರಿದು ಮಾಡುತ್ತದೆ, ಅಂಚು ಮಸುಕಾಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ.

ಹಾಗಾದರೆ ನಿಮಗೆ ಯಾವುದು

ಮನೆಯಲ್ಲಿ ಒಬ್ಬರಿಗೆ ಒಂದು ಗಾಯ, ನೋಡಿಕೊಳ್ಳುವವರು ಮನೆಯವರೇ: ಅಂಟಿಸುವ ಕಾಗದದ ಪಟ್ಟಿಯೊಂದಿಗೆ ವಾರಕ್ಕೊಂದು ಫೋಟೋ, ಜೊತೆಗೆ ಅಡಿಪಟ್ಟಿಯ ಎರಡು ಅಂಕಿ. ಭಾನುವಾರ ಬೆಳಗ್ಗೆ ಎಂದು ನಿಶ್ಚಯಿಸಿಕೊಳ್ಳಿ. ದಿನಾ ತೆಗೆಯಬೇಡಿ, ದಿನದ ಏರಿಳಿತ ಮನಸ್ಸು ಕೆಡಿಸುತ್ತದೆ. ಮನೆಯಲ್ಲಿ ಕಂಪ್ಯೂಟರ್ ಬಲ್ಲ ಮಕ್ಕಳಿದ್ದರೆ ಇಮೇಜ್‌ಜೆ ಅವರಿಗೆ ಅರ್ಧ ಗಂಟೆಯ ಕಲಿಕೆ. ಮಾಮನ ಮಗ ಈಗ ನನಗಿಂತ ಚೆನ್ನಾಗಿ ಬೇಲಿ ಹಾಕುತ್ತಾನೆ.

ಡ್ರೆಸ್ಸಿಂಗ್‌ಗೆ ಹೋಗುವ ನರ್ಸ್ ನೀವಾದರೆ ಫೋಟೋ ಮತ್ತು ಇಮೇಜ್‌ಜೆ, ಕಣ್ಣು ಮುಚ್ಚಿ ಹೇಳುತ್ತೇನೆ. ಗಾಯ ಹಿಮ್ಮಡಿ ಸುತ್ತಿಕೊಂಡಿದ್ದರೆ ತಿಂಗಳಿಗೊಮ್ಮೆ ಪಾರದರ್ಶಕ ಹಾಳೆಯನ್ನೂ ಇಟ್ಟು ತಾಳೆ ನೋಡಿ. ಹಾಸಿಗೆ ಹಿಡಿದವರ ಸೊಂಟದ ಹುಣ್ಣಿಗೆ ಪ್ರತಿ ಸಲ ಅದೇ ಮಗ್ಗುಲಿಗೆ ಮಲಗಿಸಿ ಫೋಟೋ ತೆಗೆಯಿರಿ. ಮಗ್ಗುಲು ಬದಲಾದರೆ ಚರ್ಮ ಎಳೆದುಕೊಂಡು ಗಾಯದ ಆಕಾರವೇ ಬದಲಾಗುತ್ತದೆ.

ನಾಲ್ಕೈದು ಮಂದಿ ಸಿಬ್ಬಂದಿಯ ನರ್ಸಿಂಗ್ ಹೋಮ್ ಆದರೆ, ಅಂಚು ತಿದ್ದಲು ಬಿಡುವ ಆ್ಯಪ್. ಕೊಳ್ಳುವ ಮುನ್ನ ನಿಮ್ಮದೇ ಹತ್ತು ರೋಗಿಗಳ ಫೋಟೋಗಳನ್ನು ಆ್ಯಪಿನಲ್ಲೂ ಇಮೇಜ್‌ಜೆಯಲ್ಲೂ ಅಳೆದು ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿ. ಒಂದು ಮಧ್ಯಾಹ್ನದ ಕೆಲಸ, ವರ್ಷದ ಚಂದಾ ಉಳಿಯಬಹುದು. ಮೂರು ಆಯಾಮದ ಕ್ಯಾಮೆರಾ ದೊಡ್ಡ ಆಸ್ಪತ್ರೆಗಿರಲಿ.

ಓಪಿಡಿಗೆ ಹೋಗುವಾಗ ಫೋನಿನಲ್ಲಿ ನೂರು ಫೋಟೋ ತಳ್ಳುತ್ತಾ ಹುಡುಕುವಂತಾಗಬಾರದು. ಸಾಲಿನಲ್ಲಿ ನಿಮ್ಮ ಸರದಿ ಬಂದಾಗ ವೈದ್ಯರ ಬಳಿ ಇರುವುದು ಕೆಲವೇ ನಿಮಿಷ. ಒಂದೇ ಹಾಳೆಯಲ್ಲಿ ವಾರಕ್ಕೊಂದರಂತೆ ಫೋಟೋಗಳನ್ನು ಒಂದೇ ಗಾತ್ರದಲ್ಲಿ ಸಾಲಾಗಿ ಮುದ್ರಿಸಿ, ಕೆಳಗೆ ದಿನಾಂಕ, ಚದರ ಸೆಂ.ಮೀ., ಮೊದಲ ದಿನದಿಂದ ಶೇಕಡಾ ಎಷ್ಟು ಇಳಿಕೆ, ಚೊಕ್ಕ ಮಾಡಿದ ದಿನ ಯಾವುದು ಎಂದು ಬರೆದು ಕೇಸ್ ಪೇಪರಿಗೆ ಪಿನ್ ಹಾಕಿ. ಮಾಮನ ಏಳನೆಯ ವಾರದ ಹಾಳೆಯಲ್ಲಿ ಕೊನೆಯ ಅಂಕಿ 1.2. ಅವರು ಕನ್ನಡಕ ಹಾಕಿಕೊಂಡು ಆ ಏಳು ಚಿತ್ರಗಳನ್ನು ಎಡದಿಂದ ಬಲಕ್ಕೆ ಬೆರಳಿಟ್ಟು ನೋಡಿದರು. ತಮ್ಮ ಹಿಮ್ಮಡಿಯನ್ನು ಅವರು ಸರಿಯಾಗಿ ಕಂಡದ್ದು ಆಗಲೇ.